ಸೆಂಚುರಿಯ ಪೇಡೆ

ಈಚೆಗೆ ಮುಂಜಾನೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಗುತ್ತದೆ. ನಿನಗೆ ವಯಸ್ಸಾಯಿತು ಎಂದು ಹೇಳುವುದಕ್ಕೆ ನನ್ನ ಮೈ ಈ ಜಾಗವನ್ನೇ ಯಾಕೆ ಆರಿಸಿಕೊಂಡಿತೋ ಗೊತ್ತಿಲ್ಲ. ಡಾಕ್ಟರಿಗೆ ತೋರಿಸಿದೆ. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಹಿಮ್ಮಡಿ ಒತ್ತಿ ನೋಡಿ, "ಗುಳಿಗಿ ಬ್ಯಾಡ್ರಿ ಅಮ್ಮಾರ. ಒಂದು ಗಟ್ಟಿ ಚೆಂಡು ಅಂಗಾಲ ಕೆಳಗ ಇಟ್ಟು ದಿನಾ ಉರುಳಸ್ರಿ. ಗಾಲ್ಫ್ ಚೆಂಡಾದ್ರ ಭಾಳ ಚಲೋ. ಆದ್ರ ರಾಣೆಬೆನ್ನೂರಾಗ ಅದೆಲ್ಲಿ ಸಿಗತೈತಿ ಬಿಡ್ರಿ" ಅಂದಳು.

"ನಮ್ಮ ಮನ್ಯಾಗ ಐತ್ರಿ" ಅಂದೆ.

"ಹೌದ? ಯಾರದ್ರಿ? ನಿಮ್ಮ ಮಗಂದೇನು?"

"ನಂದ."

ಆಕೆ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಜಾರದ ಚೀಲ. ಆ ಹುಡುಗಿಯ ಕಣ್ಣು ದೊಡ್ಡದಾದದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಆ ಚೆಂಡಿನಿಂದ ಬೆಚ್ಚಿಬಿದ್ದವರಲ್ಲಿ ಆಕೆ ಮೊದಲನೆಯವಳೇನಲ್ಲ. ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಎಲ್ಲರೂ ಸರದಿ ಹಚ್ಚಿ ಬೆಚ್ಚಿಬಿದ್ದಿದ್ದೆವು.

ಮನೆಗೆ ಬಂದು ಹುಡುಕಿದರೆ ಚೆಂಡು ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ಹಳೆಯ ಬೇಳೆ ಡಬ್ಬಿಯ ಹಿಂದೆ ಕೂತಿತ್ತು. ಬಿಳಿ ಬಣ್ಣ ಹೋಗಿ ಬೆಣ್ಣೆ ಬಣ್ಣಕ್ಕೆ ತಿರುಗಿದೆ. ಮೈತುಂಬ ಸಣ್ಣ ಸಣ್ಣ ತಗ್ಗು. ಇದನ್ನು ಮೊದಲ ಸಲ ಕೈಯಲ್ಲಿ ಹಿಡಿದ ನಮ್ಮ ಅತ್ತೆ, "ಅಯ್ಯ ನಮ್ಮವ್ವ, ಪಾಪ, ದೇವಿ ಬಂದು ಹೋದ ಮಾರಿ ಆಗೇತಲ್ಲ ಇದರದು" ಅಂದಿದ್ದರು. ಸಿಡುಬಿನ ಕಲೆ ಬಿದ್ದ ಮುಖವೆಂದು ಅವರಿಗೆ ಅದರ ಮೇಲೆ ಹುಟ್ಟಿದ ಆ ಕನಿಕರ, ಅದು ಮನೆಗೆ ತಂದ ಗದ್ದಲ ತಿಳಿಯುವತನಕ ಮಾತ್ರ ಉಳಿದಿತ್ತು.

ಅದನ್ನು ಹೇಳುವುದಕ್ಕೆ ಮುಂಚೆ ಬ್ಯಾಡಗಿಗೆ ಹೋಗಿ ಬರಬೇಕು. ಬಹಳ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ. ನನ್ನ ತವರುಮನೆ ಅದು. ನಮ್ಮಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಯ ಹಿಂದೆ ಮೆಣಸಿನಕಾಯಿ ಹರವುವ ಅಂಗಳ, ಅಂಗಳದ ಹಿಂದೆ ನಮ್ಮ ಮನೆ. ಹಂಗಾಮು ಬಂತೆಂದರೆ ಬೀಗರು ಬಂದರೂ ಸೀನುತ್ತಲೇ ಒಳಗೆ ಬರಬೇಕು, ಸೀನುತ್ತಲೇ ಹೊರಗೆ ಹೋಗಬೇಕು. ನಮಗೆ ಅದೆಲ್ಲ ರೂಢಿ. ಹೊರಗಿನವರು ಆ ಕೆಂಪು ರಾಶಿ ನೋಡಿ ಹೌಹಾರುತ್ತಾರೆ. ಖರೇ ಹೇಳಬೇಕೆಂದರೆ ನಮ್ಮ ಡಬ್ಬಿ ಜಾತಿಯ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಶಿ ಎತ್ತಿದ ಮೇಲೆ ಅಂಗಳ ಬಯಲಾಗುತ್ತಿತ್ತು. ಅಲ್ಲಿ ನಮ್ಮ ಚಿಣಿಫಣಿ. ನಿಮ್ಮ ಕಡೆ ಇದಕ್ಕೆ ಚಿನ್ನಿದಾಂಡು ಅನ್ನುತ್ತೀರೇನೋ. ಎರಡೂ ತುದಿ ಚೂಪು ಮಾಡಿದ ಗೇಣುದ್ದದ ಕಟ್ಟಿಗೆ ಚಿಣಿ, ಅದನ್ನು ಹೊಡೆಯುವ ಕೋಲು ಫಣಿ. ಚಿಣಿಯ ಮೂಗಿಗೆ ಮೆಲ್ಲಗೆ ತಟ್ಟಿದರೆ ಅದು ಪುಟಿದು ಮೇಲೇಳುತ್ತದೆ. ಎದ್ದದ್ದನ್ನು ಗಾಳಿಯಲ್ಲೇ ಬೀಸಿ ಹೊಡೆಯಬೇಕು. ಎಷ್ಟು ದೂರ ಹೋಯಿತೋ ಅಷ್ಟನ್ನೂ ಫಣಿಯಿಂದ ಅಳೆದು ಎಣಿಸಿಕೊಳ್ಳುವುದು. ಯಾರ ಎಣಿಕೆ ಹೆಚ್ಚೋ ಅವರು ರಾಜರು. ನನ್ನ ಚಿಣಿ ಅಂಗಳ ದಾಟಿ, ಅಂಗಡಿ ದಾಟಿ, ಒಮ್ಮೆ ಎದುರಿನ ಅಂಗಡಿಯ ತಕ್ಕಡಿಯ ತಟ್ಟೆಯಲ್ಲೇ ಹೋಗಿ ಬಿದ್ದಿತ್ತು. ತೂಗಿಸಿಕೊಳ್ಳುತ್ತಿದ್ದ ರೈತ, ತೂಕದಲ್ಲಿ ಮೋಸ ಮಾಡುತ್ತಿದ್ದೀರಿ ಎಂದು ಜಗಳಕ್ಕೆ ನಿಂತ. ಅಪ್ಪ ನನ್ನನ್ನು ಬೈಯಲು ಬಂದವನು, ಅಷ್ಟು ದೂರವನ್ನು ಕಣ್ಣಿನಲ್ಲೇ ಅಳೆದು, ಬೈಯುವುದನ್ನು ಮರೆತು ಹಾಗೇ ನಿಂತುಬಿಟ್ಟಿದ್ದ.

ಆಮೇಲೆ ನಾನು ದೊಡ್ಡವಳಾದೆ. ಹೆಣ್ಣುಮಕ್ಕಳಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೂಲೆಯಲ್ಲಿ ಕೂಡಿಸಿದರು. ಎರೆಯುವ ದಿನ ಬಚ್ಚಲಿಗೆ ಹೋದರೆ ಹಂಡೆಯ ಕೆಳಗೆ ನನ್ನ ಫಣಿ ಉರಿಯುತ್ತಿತ್ತು. ಅವ್ವ ಬೇಕೆಂದೇ ಹಾಕಿದ್ದಳು. "ಇನ್ನ ಸಾಕವಾ, ಆ ಆಟ ಮುಗೀತು" ಅಂದು, ಅದೇ ಫಣಿಯಿಂದ ಕಾಯಿಸಿದ ನೀರನ್ನು ನನ್ನ ತಲೆಯ ಮೇಲೆ ಸುರಿದಳು. ನಾನು ಅತ್ತದ್ದು ಯಾರಿಗೂ ಕಾಣಿಸಲಿಲ್ಲ. ಮೈಮೇಲೆ ನೀರಿತ್ತಲ್ಲ.

ಸರಿ, ರಾಣೆಬೆನ್ನೂರಿಗೆ ಬರೋಣ. ನನ್ನನ್ನು ಇಲ್ಲಿನ ಬೀಜದ ಅಂಗಡಿಯವರಿಗೆ ಕೊಟ್ಟರು. ಎರಡು ಮಕ್ಕಳಾದವು, ಅವು ಸಾಲಿಗೆ ಹೋಗತೊಡಗಿದವು. ಊರಿನಲ್ಲಿ ಟೀವಿ ಬಂದು, ಜೋಳ ಬಿತ್ತುವವರೂ ಕ್ರಿಕೆಟ್ಟಿನ ರನ್ನು ಕೇಳುತ್ತಿದ್ದ ಎಂಬತ್ತರ ದಶಕದ ಕೊನೆ ಅದು. ಒಂದು ದಿನ ನಮ್ಮವರು ಮಧ್ಯಾಹ್ನ ಊಟಕ್ಕೆ ಬಂದವರು ತಟ್ಟೆಗೆ ಕೈ ಹಾಕದೆ ಕುಳಿತಿದ್ದರು.

"ಏನಾತ್ರಿ?" ಅಂದೆ.

"ಅಲ್ಲ, ನಮ್ಮಪ್ಪನ ಕಾಲದಿಂದ ಅಂಗಡಿ ಇಟ್ಟೇವಿ. ಹುಲ್ಲ ಸಾಯಾಕ ಔಷಧ ಕೇಳಾಕ ಬರ್ತಾರ. ಇವತ್ತ ಒಬ್ರು ಬಂದು ಹುಲ್ಲ ಬೆಳ್ಯಾಕ ಬೀಜ ಐತೇನು ಅಂತ ಕೇಳಿದ್ರು! ಅದೂ ಸ್ವಲ್ಪ ಅಲ್ಲ, ಚೀಲಗಟ್ಲೆ!"

ಕೇಳಿದವರು ಕುಮಾರಪಟ್ಟಣದ ಕಡೆ ಹೊಳೆದಂಡೆಯಲ್ಲಿ ಗಾಲ್ಫ್ ಆಡುವ ಒಂದು ಸಣ್ಣ ಕ್ಲಬ್ಬಿನವರು. ಹೊರಗಿನಿಂದ ಅಲ್ಲಿನ ಕಾರ್ಖಾನೆಯ ನೌಕರಿಗೆ ಬಂದಿದ್ದ ನಾಲ್ಕಾರು ಸಾಹೇಬರು ಕೂಡಿಕೊಂಡು ಮಾಡಿದ್ದು. ಅವರ ಮುಖಂಡರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಮೈಸೂರು ಸೀಮೆಯವರು. ತೆಳ್ಳಗಿನ ಮೈ, ದಪ್ಪ ಕನ್ನಡಕ, ತಲೆಗೆ ಟೊಪ್ಪಿಗೆ. ಹುಲ್ಲಿನ ಬೀಜವನ್ನು ನಮ್ಮವರು ಎಲ್ಲಿಂದಲೋ ತರಿಸಿಕೊಟ್ಟ ಮೇಲೆ, ಮನೆಯವರನ್ನು ಕರೆದುಕೊಂಡು ಬನ್ನಿ, ಭಾನುವಾರ ನಮ್ಮಲ್ಲಿ ಎಲ್ಲರ ಸಂಸಾರವೂ ಸೇರುತ್ತದೆ ಎಂದು ಅವರು ಕರೆದರು. ನಾವು ಸ್ಕೂಟರಿನ ಮೇಲೆ ಹೋದೆವು.

ಹೋಗಿ ನೋಡಿದರೆ ಹುಲ್ಲು ಇನ್ನೂ ಹುಟ್ಟಿರಲಿಲ್ಲ. ಜಾಲಿಗಿಡ, ಕೆಂಪು ಮಣ್ಣು, ಅಲ್ಲೊಂದು ಇಲ್ಲೊಂದು ಬಾವುಟ. ಬಾವುಟದ ಸುತ್ತ ಗುಂಡಗೆ ಕರ್ರಗೆ ಹರವಿದ ಉಸುಕು. ಗಾಳಿಗೆ ಹಾರಬಾರದೆಂದು ಉಸುಕಿಗೆ ಎಣ್ಣೆ ಕಲಸಿದ್ದಾರಂತೆ. ನನಗೆ ತಲೆಯೇ ಓಡಲಿಲ್ಲ. ಮನೆಯಲ್ಲಿ ಒಗ್ಗರಣೆಗೆ ಎರಡು ಹನಿ ಹೆಚ್ಚು ಬಿದ್ದರೆ ಅತ್ತೆಯ ಹುಬ್ಬು ಮೇಲೇರುತ್ತಿತ್ತು. ಇಲ್ಲಿ ನೆಲಕ್ಕೇ ಎಣ್ಣೆ ಹಚ್ಚಿ ತಲೆ ಬಾಚಿದಂತೆ ಬಾಚಿದ್ದರು. ಅದು ಬಂಡಿಯ ಕೀಲಿಗೂ ಬಾರದ ಹಳೆಯ ಮಶಿನಿನ ಎಣ್ಣೆ ಎಂದು ನಮ್ಮವರು ಕಿವಿಯಲ್ಲಿ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಹೆಂಗಸರೂ ಒಂದೊಂದು ಸಲ ಹೊಡೆದು ನೋಡಲಿ ಎಂದು ಕ್ಯಾಪ್ಟನ್ ಸಾಹೇಬರು ಕರೆದರು. ಅಲ್ಲಿದ್ದ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಮುಂದೆ ತಳ್ಳಿ ಕಡೆಗೆ ನನ್ನನ್ನು ತಳ್ಳಿದರು. ಸಾಹೇಬರು, "ಮೇಡಂಗೆ ಒಂದು ಟೀ ಕೊಡಿ" ಅಂದರು.

"ಬ್ಯಾಡ್ರಿ, ಈಗಷ್ಟ ಚಾ ಕುಡದ ಬಂದೇವಿ" ಅಂದೆ.

ನಕ್ಕರು. ಯಾಕೆ ನಕ್ಕರೆಂದು ತಿಳಿಯುವುದರೊಳಗೆ ಒಬ್ಬರು ನನ್ನ ಮುಂದೆ ನೆಲಕ್ಕೆ ಒಂದು ಸಣ್ಣ ಕಟ್ಟಿಗೆಯ ಗೂಟ ಚುಚ್ಚಿ, ಅದರ ತಲೆಯ ಮೇಲೆ ಬಿಳಿ ಚೆಂಡು ಕೂಡಿಸಿದರು. ಆ ಗೂಟಕ್ಕೇ ಟೀ ಅನ್ನುತ್ತಾರಂತೆ. ನಾನು ಅದನ್ನೇ ನೋಡಿದೆ. ಬೆರಳುದ್ದದ ಕಟ್ಟಿಗೆ, ಕೆಳಗೆ ಚೂಪು ತುದಿ. ಕೈಯಲ್ಲಿ ಕೋಲು. ಇಷ್ಟು ವರ್ಷ ಎಲ್ಲಿ ಹೋಗಿತ್ತೋ ಅದೆಲ್ಲ ಒಮ್ಮೆಲೇ ಮೈಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ, ಬೀಸಿ ಹೊಡೆದೇಬಿಟ್ಟೆ.

ಗೂಟ ಸಿಡಿದು ಹೋಗಿ ಸಾಹೇಬರ ಟೊಪ್ಪಿಗೆಗೆ ಬಡಿಯಿತು. ಚೆಂಡು ನನ್ನ ಕಾಲ ಹತ್ತಿರವೇ ಟಪ್ಪೆಂದು ಬಿತ್ತು.

"ಮೇಡಂ, ಅದನ್ನಲ್ಲ! ಚೆಂಡು ಹೊಡೀಬೇಕು!"

"ಚೆಂಡ? ಹಂಗಾರ ಚಿಣಿ ಯಾಕ ನೆಟ್ರಿ?"

ನಮ್ಮವರು ಆಚೆ ತಿರುಗಿ ನಿಂತು, ಈಕೆ ಯಾರೋ ತಮಗೆ ಗೊತ್ತಿಲ್ಲವೆನ್ನುವಂತೆ ಹೊಳೆ ನೋಡತೊಡಗಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ಇನ್ನೊಂದು ಗೂಟ ನೆಡಿಸಿಕೊಂಡೆ. ಈ ಸಲ ಚೆಂಡನ್ನೇ ನೋಡಿ ಹೊಡೆದೆ. ಸದ್ದು ಬೇರೆಯೇ ಬಂತು. ಚೆಂಡು ಎದ್ದಿತು, ಜಾಲಿಗಿಡಗಳ ಮೇಲಿಂದ ಹಾರಿತು, ಆಮೇಲೆ ಕಾಣಿಸಲಿಲ್ಲ. ಎಲ್ಲರೂ ಅದು ಹೋದ ಕಡೆಯೇ ನೋಡುತ್ತಿದ್ದರು. ನಾನೂ ಕಣ್ಣು ಕಣ್ಣು ಬಿಟ್ಟು ನಿಂತಿದ್ದೆ. ಅದನ್ನು ಹೊಡೆದವಳು ನಾನೇ ಎಂದು ನನ್ನ ಕೈಗೆ ಗೊತ್ತಿತ್ತು, ನನಗೆ ನಂಬಿಕೆ ಇರಲಿಲ್ಲ.

"ನೀವು ನಮ್ಮ ಕ್ಲಬ್ ಸೇರಿಬಿಡಿ ಮೇಡಂ," ಎಂದರು ಸಾಹೇಬರು, ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾ. "ಹೊಸಬರನ್ನ ಈ ತಿಂಗಳೇ ತಗೋತಿದ್ದೀವಿ. ಮುಂದಿನ ಭಾನುವಾರ ಹೊಸಬರದೊಂದು ಆಟ ಇದೆ, ಆಡಿ ನೋಡಿ. ಆಮೇಲೆ ನಾನೇ ನಿಮ್ಮ ಮನೆಗೆ ಬಂದು ಏನು ನಿರ್ಧಾರ ಮಾಡಿದ್ರಿ ಅಂತ ಕೇಳ್ತೀನಿ." ಹೊರಡುವಾಗ ಒಂದು ಚೆಂಡನ್ನು ನನ್ನ ಕೈಯಲ್ಲಿಟ್ಟರು.

ಸೇರಬೇಕೋ ಬೇಡವೋ ಎಂದು ನಿರ್ಧರಿಸುವುದಕ್ಕೆ ನನಗೆ ವಾರವೇನೂ ಬೇಕಾಗಿರಲಿಲ್ಲ. ಚೆಂಡು ಜಾಲಿಗಿಡ ದಾಟುವುದರೊಳಗೆ ನಿರ್ಧಾರವಾಗಿತ್ತು. ಬೇಕು. ಇಷ್ಟು ವರ್ಷದಲ್ಲಿ ನನಗಾಗಿ ನನಗೆ ಏನಾದರೂ ಬೇಕೆನಿಸಿದ್ದು ಅದೊಂದೇ. ಆದರೆ ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? ಮನೆಯಲ್ಲಿ ಅತ್ತೆ ಇದ್ದರು.

ನಮ್ಮ ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಎತ್ತರದ ಆಳು, ಮಾತು ನೇರ, ಮುಂಜಾನೆ ಸಂಜೆ ಎರಡು ಹೊತ್ತೂ ಅವರು ಬಡಿದ ಜೋಳದ ರೊಟ್ಟಿ ಆಚೆ ಬದಿ ಕಾಣುವಷ್ಟು ತೆಳ್ಳಗೆ ಇರುತ್ತಿತ್ತು. ನಾನು ಬಂದ ಮೇಲೆ ಆ ಬಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಮ್ಮವರು ಊಟಕ್ಕೆ ಕುಳಿತಾಗ ಮೆಲ್ಲಗೆ ಮಾತು ತೆಗೆದರು.

"ಅವ್ವ, ಇಕೀನ್ನ ಗಾಲ್ಫ್ ಕ್ಲಬ್ಬಿಗೆ ಸೇರಂತ ಕರ್ಯಾಕತ್ತಾರ."

ಅತ್ತೆಯ ಕೈಯಿಂದ ಸಾರಿನ ಸೌಟು ಜಾರಿತು. "ಕ್ಲಬ್ಬ?"

ಆಮೇಲೆ ನನಗೆ ಹೊಳೆಯಿತು. ಆ ಕಾಲಕ್ಕೆ ನಮ್ಮ ಕಡೆ ಕ್ಲಬ್ಬು ಅಂದರೆ ಒಂದೇ ಅರ್ಥ, ಇಸ್ಪೀಟು. ನಮ್ಮ ಮಾವನವರು ಬೀಜ ತರಲು ಹಾವೇರಿಗೆಂದು ಹೋದವರು ಅಲ್ಲಿನ ಒಂದು ಇಸ್ಪೀಟು ಕ್ಲಬ್ಬಿನಲ್ಲಿ ಕುಳಿತುಬಿಡುತ್ತಿದ್ದರಂತೆ. ಹೋಗುವಾಗ ಇದ್ದ ಉಂಗುರ ಬರುವಾಗ ಬೆರಳಿನಲ್ಲಿ ಇರುತ್ತಿರಲಿಲ್ಲವಂತೆ.

"ನಿಮ್ಮ ಮಾವ ಹೋಗಿದ್ದು ಸಾಲಲಿಲ್ಲೇನು? ಕ್ಲಬ್ಬ ಅನ್ನೂದು ನನ್ನ ಕೈಯಾನ ಪಾಟ್ಲಿ ನುಂಗೇತಿ. ಈಗ ಸೊಸೀನ್ನೂ ನುಂಗತೈತಿ? ಗಂಡಸರು ಹೋಗಿದ್ದು ಕೇಳೇನಿ, ಹೆಂಗಸು ಹೋಗಿದ್ದು ಹುಟ್ಟಾ ಕೇಳಿಲ್ಲ!"

"ಅತ್ತಿ, ಅದು ಇಸ್ಪೀಟಲ್ರಿ," ಎಂದೆ ನಾನು ಗಾಬರಿಯಿಂದ. "ಬಯಲಾಗ ಆಡೂದು. ಒಂಬತ್ತು ಕುಣಿ ತೋಡಿರ್ತಾರ್ರಿ, ಅದರಾಗ..."

"ಒಂಬತ್ತು ಕುಣಿ?" ಅತ್ತೆ ಎದ್ದೇ ನಿಂತರು. "ಶಿವ ಶಿವ! ಯಾರು ತೀರ್ಕೊಂಡಾರ?"

ನಮ್ಮಲ್ಲಿ ಕುಣಿ ತೋಡುವುದು ಮಣ್ಣು ಮಾಡುವುದಕ್ಕೆ. ಅದು ಬಾಯಿಂದ ಬಿದ್ದ ಮೇಲೆ ನನಗೆ ನೆನಪಾಯಿತು. ಚೆಂಡು ಬೀಳುವಷ್ಟೇ ಸಣ್ಣ ಕುಣಿ ಎಂದು ಕೈಯಿಂದ ಅಳತೆ ತೋರಿಸಿದರೆ ಅವರಿಗೆ ಇನ್ನೂ ಸಂಕಟವಾಯಿತು. ಅಷ್ಟು ಸಣ್ಣ ಕುಣಿ ಯಾರಿಗೆ ತೋಡುತ್ತಾರೆಂದು ಅವರು ಏನು ತಿಳಿದರೋ, ಕಣ್ಣಲ್ಲಿ ನೀರು ಬಂತು. ಇಡೀ ಆಟವನ್ನು ರೊಟ್ಟಿಯ ಹಲಗೆಯ ಮೇಲೆ ಜೋಳದ ಹಿಟ್ಟು ಹರವಿ, ಬೆರಳಿನಿಂದ ತಗ್ಗು ಮಾಡಿ, ಕಡಲೆಕಾಳು ಉರುಳಿಸಿ ಆಡಿ ತೋರಿಸಬೇಕಾಯಿತು.

ನಡುನಡುವೆ ಕ್ಯಾಪ್ಟನ್ ಎಂಬ ಮಾತು ಬಂದದ್ದು ಒಳ್ಳೆಯದಾಯಿತು. ಮಿಲ್ಟ್ರಿಯವರು ನಡೆಸುವ ಜಾಗವೆಂದು ಅತ್ತೆ ಸ್ವಲ್ಪ ಇಳಿದರು. "ಗಡಿ ಕಾದ ಮನಶಾ ಅಂತೀರಿ. ಒಂದ ಸಲ ಹೋಗಿ ಬರ್ಲಿ. ಗೆದ್ಲಂದ್ರ ಮುಂದಿಂದು ನೋಡೂಣು. ಸೋತ್ಲಂದ್ರ ಆ ಚೆಂಡ ಹೊಳಿಗೆ ಒಗದ ಬಾ. ಸೋತು ಬರೂದು ಈ ಮನ್ಯಾಗ ಒಬ್ರದ ಸಾಕು."

ಎಲ್ಲವೂ ಗೆಲ್ಲುವುದರ ಮೇಲೆ ನಿಂತಿತು. ಆ ವಾರವೆಲ್ಲ ಅಕ್ಕಿ ಆರಿಸುವಾಗಲೂ ನನ್ನ ಕೈ ಅತ್ತಿತ್ತ ಬೀಸುತ್ತಿತ್ತು.

ಭಾನುವಾರ ಬಿತ್ತನೆಯ ಕಾಲದ ಗಿರಾಕಿಗಳ ಗದ್ದಲ. ನಮ್ಮವರಿಗೆ ಅಂಗಡಿ ಬಿಡಲಾಗಲಿಲ್ಲ. ಒಬ್ಬಳೇ ಬಸ್ಸಿನಲ್ಲಿ ಹೋದೆ. ಹೊಸಬರು ನಾಲ್ವರು, ಮೂವರು ಗಂಡಸರು, ನಾನೊಬ್ಬಳು. ಎಷ್ಟು ಸಲ ಹೊಡೆದಿರೆಂದು ಲೆಕ್ಕ ಇಡುತ್ತಾರೆ ಎಂದು ಸಾಹೇಬರು ಹೇಳಿದರು. ಲೆಕ್ಕ ಅಂದ ಕೂಡಲೇ ನನ್ನ ಬ್ಯಾಡಗಿಯ ರಕ್ತ ಬಿಸಿಯಾಯಿತು. ಇನ್ನೇನು ಹೇಳುತ್ತಿದ್ದರೋ, ನಾನು ಕೋಲು ಹಿಡಿದು ಮುಂದೆ ಹೋಗಿಯಾಗಿತ್ತು.

ಹೊಡೆದೆ ನೋಡಿ. ಜಾಲಿಯ ಬುಡದಲ್ಲಿ ಹೊಡೆದೆ, ತಗ್ಗಿನಲ್ಲಿ ಹೊಡೆದೆ, ಎಣ್ಣೆ ಉಸುಕಿನ ಮೇಲೆ ಕುಣಿಯ ಸುತ್ತ ಪ್ರದಕ್ಷಿಣೆ ಹಾಕುತ್ತಾ ಹೊಡೆದೆ. ಜೊತೆಯ ಗಂಡಸರು ಪ್ರತಿ ಕುಣಿಗೂ ಐದಾರು ಸಲ ಹೊಡೆದು ಸುಸ್ತಾದವರಂತೆ ಕೈಬಿಟ್ಟು, ನನ್ನನ್ನು ಕಾಯುತ್ತಾ ನಿಲ್ಲುತ್ತಿದ್ದರು. ಪಾಪ, ಇವರಿಗೆ ದಮ್ಮಿಲ್ಲ ಅಂದುಕೊಂಡೆ. ಕುಣಿಯ ಹತ್ತಿರಕ್ಕೆ ಬಂದಾಗ ಎಲ್ಲಿ ಬೇಗ ಬಿದ್ದುಹೋಗುತ್ತದೋ ಎಂದು ಒಂದೆರಡು ಸಲ ಬೇಕೆಂದೇ ಪಕ್ಕಕ್ಕೂ ಹೊಡೆದೆ. ಕೊನೆಗೆ ಲೆಕ್ಕ ಓದಿದರು. ಅವರದೆಲ್ಲ ಐವತ್ತರ ಆಸುಪಾಸು. ನನ್ನದು ನೂರ ನಾಲ್ಕು.

ಸಾಹೇಬರು ಚಪ್ಪಾಳೆ ತಟ್ಟಿ, "ಮೊದಲನೇ ಸಲ ಅಲ್ವಾ ಮೇಡಂ" ಅಂದರು. ಮೊದಲನೇ ಸಲಕ್ಕೇ ಇಷ್ಟೊಂದೇ ಎಂದು ಬೆರಗಾಗಿ ಹೇಳಿದರೆಂದೇ ನಾನು ತಿಳಿದೆ. "ಎಲ್ಲಾ ನಿಮ್ಮ ಆಶೀರ್ವಾದ್ರಿ" ಅಂದು ಬಸ್ಸು ತಪ್ಪೀತೆಂದು ಓಡಿಬಂದೆ.

ಅಂಗಡಿಯ ಮುಂದೆ ಇಳಿದವಳು ಹೇಳಿದ್ದು ಇಷ್ಟೇ, "ಎಲ್ಲಾರಕಿಂತ ಹೆಚ್ಚು ನಂದ ಆತ್ರಿ. ನೂರ ನಾಕು." ನಮ್ಮವರು ಕುರ್ಚಿಯಿಂದ ಜಿಗಿದರು. "ಸೆಂಚುರಿ! ಏ, ನಮ್ಮ ಮನಿಯಾಕಿ ಸೆಂಚುರಿ ಹೊಡದ್ಲೋ!" ಬೀಜ ಕೊಳ್ಳಲು ಬಂದಿದ್ದ ರೈತರು, ಎದುರಿನ ಗೊಬ್ಬರದಂಗಡಿಯವರು, ಆಟೋದವರು, ಎಲ್ಲರೂ ಸೇರಿದರು. ಧಾರವಾಡ ಪೇಡೆಯ ಡಬ್ಬಿಗಳು ಬಂದವು. ಯಾರೋ ಒಬ್ಬರು, "ನಾಟೌಟೇನ್ರಿ ಅಕ್ಕಾರ?" ಎಂದು ಕೇಳಿದರು. ಹೌದೆಂದೆ. ನನ್ನನ್ನು ಯಾರೂ ಔಟು ಮಾಡಿರಲಿಲ್ಲ, ಅದಂತೂ ಖರೇ.

ಅತ್ತೆ ಸುದ್ದಿ ಕೇಳಿ ಎದ್ದರು. ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಉಪ್ಪು, ಮೆಣಸಿನಕಾಯಿ. ನನ್ನನ್ನು ಹೊಸ್ತಿಲ ಹತ್ತಿರ ನಿಲ್ಲಿಸಿ ದೃಷ್ಟಿ ತೆಗೆದು, ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರಲ್ಲ, ಘಾಟು ಬರಲಿಲ್ಲ. ಇನ್ನೊಂದು ಹಿಡಿ ಹಾಕಿದರು, ಬರಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತು. "ಇಡೀ ರಾಣೆಬೆನ್ನೂರ ಕಣ್ಣ ಬಿದ್ದೈತಿ ನನ್ನ ಸೊಸಿ ಮ್ಯಾಲ!" ಆ ಮೆಣಸಿನಕಾಯಿ ನನ್ನ ತವರಿನ ಡಬ್ಬಿ ಮೆಣಸಿನಕಾಯಿ. ಅದರ ಘಾಟು ಅಷ್ಟಕ್ಕಷ್ಟೇ ಎಂದು ನನಗೆ ಗೊತ್ತಿತ್ತು. ಆದರೆ 'ನನ್ನ ಸೊಸಿ' ಎಂಬ ಆ ಮಾತು ಅವರ ಬಾಯಿಂದ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸುಮ್ಮನೆ ನಿಂತೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಸೇರವಾ ಕ್ಲಬ್ಬಿಗೆ. ಗೆದ್ದಾಕಿ ಮನ್ಯಾಗ ಕುಂತು ಏನ ಮಾಡ್ತಿ" ಅಂದರು.

ಮರುದಿನ ಸಂಜೆ ಕ್ಯಾಪ್ಟನ್ ಸಾಹೇಬರು ಹೇಳಿದಂತೆಯೇ ಮನೆಗೆ ಬಂದರು. ನಮ್ಮವರು ಬಾಗಿಲಲ್ಲೇ ಪೇಡೆಯ ಡಬ್ಬಿ ಹಿಡಿದರು. "ಬರ್ರಿ ಸಾಹೇಬ್ರ, ಕುಂದರ್ರಿ. ಮೊದಲ ಬಾಯಿ ಸಿಹಿ ಮಾಡ್ಕೋರಿ."

"ಏನು ವಿಶೇಷ?" ಎಂದು ಅವರು ಪೇಡೆ ಬಾಯಿಗಿಟ್ಟುಕೊಂಡರು.

"ಇಕಿ ಗೆದ್ಲಲ್ರಿ! ನೂರ ನಾಕು ಅಂದ್ರ ಸಣ್ಣ ಮಾತೇನ್ರಿ? ನಿಮ್ಮದು ಭಾಳಂದ್ರ ನಲವತ್ತರ ಮ್ಯಾಲ ಹೋಗೂದಿಲ್ಲಂತ."

ಸಾಹೇಬರ ಬಾಯಿ ಅರ್ಧಕ್ಕೇ ನಿಂತಿತು. ಪೇಡೆ ನುಂಗಲಾರರು, ಉಗುಳಲಾರರು. ನನ್ನನ್ನು ನೋಡಿದರು, ನಮ್ಮವರನ್ನು ನೋಡಿದರು, ಒಳಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ನೋಡಿದರು. ನೀರು ಕುಡಿದು, ಬಹಳ ಮೆಲ್ಲಗೆ, ಸತ್ತ ಸುದ್ದಿ ಹೇಳುವವರ ದನಿಯಲ್ಲಿ ಹೇಳಿದರು, "ಅದು... ಈ ಆಟದಲ್ಲಿ ಯಾರು ಕಡಿಮೆ ಹೊಡೀತಾರೋ ಅವರು ಗೆದ್ದ ಹಾಗೆ."

ಕಡಿಮೆ ಹೊಡೆದವರು ಗೆಲ್ಲುವ ಆಟವೊಂದು ಭೂಮಿಯ ಮೇಲೆ ಇರಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಹೊಡೆಯುವುದಕ್ಕೇ ಕೋಲು ಕೊಟ್ಟು, ಹೊಡೆಯದಿದ್ದರೆ ಗೆದ್ದೆ ಅನ್ನುವುದು ಎಂಥ ಆಟ? ಬೇಕೆಂದೇ ಪಕ್ಕಕ್ಕೆ ಹೊಡೆದ ಆ ಒಂದೆರಡು ಹೊಡೆತ ನೆನಪಾಗಿ ಕಿವಿ ಬಿಸಿಯಾಯಿತು. ನಮ್ಮವರು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ನಿನ್ನೆ ಪೇಡೆ ತಿಂದವರ ಮುಖಗಳೆಲ್ಲ ಅವರ ಕಣ್ಣ ಮುಂದೆ ಹಾದುಹೋಗುತ್ತಿದ್ದವು ಎಂದು ಕಾಣುತ್ತದೆ.

ಅತ್ತೆ ಮುಂದೆ ಬಂದರು. "ಸಾಹೇಬ್ರ, ನೀವು ಯಾವ ಲಡಾಯಿದಾಗ ಇದ್ರಿ?"

"ಲಡಾಯಿ? ಇಲ್ಲಮ್ಮ, ನಾನು ಬಾಯ್ಲರ್ ಇಂಜಿನಿಯರು. ಕ್ಲಬ್ ನಡೆಸೋರನ್ನ ಕ್ಯಾಪ್ಟನ್ ಅಂತಾರೆ, ಅಷ್ಟೇ."

ಅತ್ತೆ ನೆಲದ ಮೇಲೆ ಕುಳಿತುಬಿಟ್ಟರು. "ಕ್ಯಾಪ್ಟನ್ ಅಂದ್ರ ಕ್ಯಾಪ್ಟನ್ ಅಲ್ಲ. ಟೀ ಅಂದ್ರ ಚಾ ಅಲ್ಲ. ಗೆದ್ದಾಕಿ ಅಂದ್ರ ಗೆದ್ದಾಕಿ ಅಲ್ಲ."

ನಾನೇ ಅಂದೆ, "ನಾ ಸೇರಾಂಗಿಲ್ರಿ ಸಾಹೇಬ್ರ. ನಮ್ಮ ಅತ್ತಿಯವರಿಗೆ ಗೆದ್ರ ಅಷ್ಟ ಅಂತ ಮಾತ ಕೊಟ್ಟೇನಿ. ಸೋತೇನಿ." ಹಂಡೆಯ ಕೆಳಗಿನ ಆ ಫಣಿ ಮತ್ತೊಮ್ಮೆ ಉರಿದಂತಾಯಿತು. ಈ ಸಲ ಮೈಮೇಲೆ ನೀರಿರಲಿಲ್ಲ, ಆದ್ದರಿಂದ ಅತ್ತದ್ದು ಎಲ್ಲರಿಗೂ ಕಾಣಿಸಿತು.

"ಸುಮ್ಮನಿರು," ಎಂದರು ಅತ್ತೆ. "ನಂಗೊಂದಿಷ್ಟು ತಿಳಕೊಳ್ಳಾಕ ಬಿಡು. ಸಾಹೇಬ್ರ, ಕಡಿಮಿ ಹೊಡದಾಕಿ ಗೆದ್ದಾಕಿ. ಹೌದಿಲ್ರಿ?"

"ಹೌದಮ್ಮ."

"ಒಂದೂ ಹೊಡೀಲಿಲ್ಲಂದ್ರ?"

ಸಾಹೇಬರಿಗೆ ನಗು ಬಂತು. "ಹಾಗಾದ್ರೆ ಅವರನ್ನ ಯಾರೂ ಸೋಲಿಸೋಕಾಗಲ್ಲ ಬಿಡಿ."

"ಮತ್ತ, ನಾ ಹುಟ್ಟಿದಾಗಿಂದ ಒಂದೂ ಹೊಡದಿಲ್ಲ. ಚಿಣಿ ಹೊಡದಿಲ್ಲ, ಚೆಂಡ ಹೊಡದಿಲ್ಲ. ಬಡದಿದ್ದು ಬರೇ ರೊಟ್ಟಿ. ಅಂದ್ರ ನಿಮ್ಮ ಆಟದಾಗ ನಾ ಇಷ್ಟು ವರ್ಷ ಗೆದಕೋತನ ಬಂದೇನಿ. ಯಾರೂ ಬಂದು ಹೇಳಲೇ ಇಲ್ಲ." ಅತ್ತೆ ಕೈ ಚಾಚಿ ಮಗನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ತೆರೆದು, ಒಂದು ಪೇಡೆ ಬಾಯಿಗೆ ಹಾಕಿಕೊಂಡರು. "ಹಂಗಾರ ಇದು ನನ್ನ ಪೇಡೆ."

ಮೆಲ್ಲಗೆ ಮೆಲ್ಲುತ್ತಿದ್ದರು. ನಾವು ಮೂವರೂ ಅವರನ್ನೇ ನೋಡುತ್ತಿದ್ದೆವು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನುಂಗಿದ ಮೇಲೆ ನನ್ನ ಕಡೆ ತಿರುಗಿದರು.

"ಕಡಿಮಿ ಹೊಡದಾಕಿ ಲಗೂ ಆಟ ಮುಗಿಸಿ ಮನಿಗೆ ಬರ್ತಾಳ. ಬಂದು ಏನ ಮಾಡ್ತಾಳ? ರೊಟ್ಟಿ ಬಡೀತಾಳ. ಅದೇನು ಗೆಲ್ಲೂದು ಹಣೇಬರಾ? ನೀ ನೂರ ನಾಕ ಹೊಡಿ. ಇನ್ನೂರ ಹೊಡಿ. ಸಾಹೇಬ್ರ, ಇಕಿ ಸೇರ್ತಾಳ, ಹೆಸರು ಬರ್ಕೋರಿ. ಐತವಾರದ ರೊಟ್ಟಿ ನಾ ಬಡೀತೇನಿ."

ಹೀಗೆ ನಾನು ಸೇರಿದೆ. ಆ ಮೈದಾನದಲ್ಲಿ ಕಡೆಗೂ ಹುಲ್ಲು ಹುಟ್ಟಿತು, ನಮ್ಮ ಅಂಗಡಿಯದೇ ಬೀಜ. ಐದಾರು ವರ್ಷ ಪ್ರತಿ ಭಾನುವಾರ ಹೋದೆ. ಸೆರಗು ಸಿಕ್ಕಿಸಿದ ಹೆಂಗಸು ಎಂದು ಮೊದಮೊದಲು ನಗುತ್ತಿದ್ದವರು ಆಮೇಲೆ ನನ್ನ ಸರದಿ ಬಂದಾಗ ದೂರ ಸರಿದು ನಿಲ್ಲುವುದನ್ನು ಕಲಿತರು. ಆಡುತ್ತಾ ಆಡುತ್ತಾ ಕೈ ಪಳಗಿತು, ನಾನು ಬಯಸದಿದ್ದರೂ ಎಣಿಕೆ ಇಳಿಯತೊಡಗಿತು. ಒಂದು ಭಾನುವಾರ ಮೊದಲ ಸಲ ಐವತ್ತರ ಕೆಳಗೆ ಮುಗಿಸಿದೆ. ಕ್ಯಾಪ್ಟನ್ ಸಾಹೇಬರು ಟೊಪ್ಪಿಗೆ ತೆಗೆದು ನನಗೆ ನಮಸ್ಕಾರ ಮಾಡಿದರು. ಬಸ್ಸು ಇಳಿದು, ದಾರಿಯಲ್ಲಿ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು, ಓಡುತ್ತಲೇ ಮನೆಗೆ ಬಂದೆ.

ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನನ್ನ ಹೆಜ್ಜೆ ಕೇಳಿ ಅದು ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಗೋಡೆಯ ಗಡಿಯಾರ ನೋಡಿ, ನನ್ನನ್ನು ನೋಡಿ, ಗಾಬರಿಯಿಂದ ಕೇಳಿದರು.

"ಯಾಕ, ಇಷ್ಟ ಲಗೂ ಬಂದಿ?"